ಮೊಬೈಲ್ ನೆಟ್ ನಿಂತಾಗ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನೆಟ್ ಬರುತ್ತಿಲ್ಲ ಎಂದು ದಾವಣಗೆರೆಯಲ್ಲಿ ನಾಲ್ಕು ಜನರ ಮುಂದೆ ಹೇಳಿದರೆ ನಾಲ್ಕು ಸಲಹೆ ಸಿಗುತ್ತವೆ. ಒಬ್ಬರು ಫೋನ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಸಿಮ್ ತೆಗೆದು ಹಾಕಿ ಎನ್ನುತ್ತಾರೆ, ಮತ್ತೊಬ್ಬರು ಕಂಪನಿಯನ್ನೇ ಬದಲಿಸಿ ಎಂದುಬಿಡುತ್ತಾರೆ. ಮೊಬೈಲ್ ಅಂಗಡಿಗೆ ಹೋದರೆ ಪೂರ್ತಿ ಕೇಳುವ ಮೊದಲೇ ರೀಸೆಟ್ ಹೊಡೆಯುವ ಮಾತು ಬರುತ್ತದೆ. ಇವೆಲ್ಲವೂ ಒಂದೊಂದು ಕಾರಣಕ್ಕೆ ತಕ್ಕ ಪರಿಹಾರಗಳೇ. ಆದರೆ ಕಾರಣ ಯಾವುದೆಂದು ನೋಡದೆ ಎಲ್ಲವನ್ನೂ ಒಂದರ ಮೇಲೊಂದರಂತೆ ಮಾಡುತ್ತಾ ಹೋದರೆ, ಕೊನೆಗೆ ನೆಟ್ ಬಂದರೂ ಯಾವುದರಿಂದ ಬಂತು ಎಂಬುದು ತಿಳಿಯುವುದಿಲ್ಲ, ಬಾರದಿದ್ದರೆ ಇದ್ದ ವೈಫೈ ಪಾಸ್‌ವರ್ಡ್‌ಗಳೂ ಹೋಗಿರುತ್ತವೆ.

ಮೊಬೈಲ್ ಡೇಟಾ ನಾಲ್ಕು ಕಡೆ ತುಂಡಾಗಬಹುದು: ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಸಿಮ್ ಅಥವಾ ಅದರ ಪ್ಯಾಕ್‌ನಲ್ಲಿ, ಫೋನಿಗೂ ಟವರಿಗೂ ನಡುವೆ, ಇಲ್ಲವೇ ನಾವು ತೆರೆಯುತ್ತಿರುವ ಆ್ಯಪ್‌ನ ಸರ್ವರ್‌ನಲ್ಲಿ. ಇವುಗಳಲ್ಲಿ ಎಲ್ಲಿ ಎಂದು ಗೊತ್ತುಮಾಡಿಕೊಂಡ ಮೇಲಷ್ಟೇ ಯಾವುದಾದರೂ ಸೆಟ್ಟಿಂಗ್ ಮುಟ್ಟಬೇಕು ಎಂಬುದೇ ಈ ಬರಹದ ಪಟ್ಟು.

ಏನನ್ನೂ ಬದಲಿಸುವ ಮುನ್ನ

ಮೊದಲು ವೈಫೈ ಆಫ್ ಮಾಡಿ. ಮನೆಯ ರೂಟರ್‌ಗೆ ಫೋನ್ ಅಂಟಿಕೊಂಡಿದ್ದು ಆ ರೂಟರ್‌ನಲ್ಲೇ ಇಂಟರ್ನೆಟ್ ಇಲ್ಲದಿದ್ದಾಗ, ಅನೇಕ ಫೋನ್‌ಗಳು ತಾವಾಗಿಯೇ ಮೊಬೈಲ್ ಡೇಟಾಕ್ಕೆ ಬರದೆ ಅಲ್ಲೇ ಕುಳಿತಿರುತ್ತವೆ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಉರಿಯುತ್ತಿದ್ದರೂ ಕೇಬಲಿನವರ ಕಡೆಯ ಪೆಟ್ಟಿಗೆ ಇನ್ನೂ ಎದ್ದಿರುವುದಿಲ್ಲ. ವೈಫೈ ಆಫ್ ಆದ ಬಳಿಕ ಒಂದು ಕರೆ ಮಾಡಿ. ಕರೆಯೂ ಹೋಗದಿದ್ದರೆ ಅದು ಡೇಟಾ ತೊಂದರೆಯಲ್ಲ. ಸಿಗ್ನಲ್, ಸಿಮ್ ಅಥವಾ ಮುಗಿದುಹೋದ ವ್ಯಾಲಿಡಿಟಿಯ ತೊಂದರೆ. ಕರೆ ಹೋಗಿ ನೆಟ್ ಮಾತ್ರ ಬಾರದಿದ್ದರೆ ಹುಡುಕಾಟದ ಅರ್ಧ ದಾರಿ ಮುಗಿದಂತೆ.

ನಂತರ ಬ್ರೌಸರ್‌ನಲ್ಲಿ ಬೇರೆ ಬೇರೆ ಎರಡು ವೆಬ್‌ಸೈಟ್ ತೆರೆದು ನೋಡಿ. ಅವು ತೆರೆದು ಹಣ ಕಳಿಸುವ ಆ್ಯಪ್ ಮಾತ್ರ ನಿಂತಿದ್ದರೆ ತೊಂದರೆ ಬಹುಮಟ್ಟಿಗೆ ಬ್ಯಾಂಕಿನ ಅಥವಾ ಆ್ಯಪ್‌ನ ಸರ್ವರಿನದು, ನಿಮ್ಮ ಫೋನಿನದಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ದುಡ್ಡು ಕಾಯುತ್ತಾ ನಿಂತವರು ಇಂಥ ಹೊತ್ತಿನಲ್ಲಿ ಫೋನನ್ನು ಮೂರು ಸಲ ಆಫ್ ಮಾಡಿ ಆನ್ ಮಾಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ, ಜೊತೆಗೆ ಅರ್ಧಕ್ಕೆ ನಿಂತ ಪಾವತಿಯ ಸ್ಥಿತಿ ನೋಡಲು ಕಷ್ಟವಾಗುತ್ತದೆ. ಸುಮ್ಮನೆ ಕಾದು ಪಾಸ್‌ಬುಕ್ ಅಥವಾ ವ್ಯವಹಾರದ ಪಟ್ಟಿ ನೋಡಿದ ಮೇಲೆ ಮತ್ತೆ ಕಳಿಸುವುದು ಒಳ್ಳೆಯದು, ಇಲ್ಲದಿದ್ದರೆ ಒಂದೇ ಮೊತ್ತ ಎರಡು ಬಾರಿ ಹೋಗುವ ಸಂಭವವಿದೆ.

ಕೊನೆಯದಾಗಿ, ಅದೇ ಕಂಪನಿಯ ಸಿಮ್ ಇರುವ ಇನ್ನೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಕೇಳಿ. ಅವರಿಗೂ ಇಲ್ಲವೆಂದರೆ ಟವರಿನ ಕಡೆ ನೋಡಬೇಕು, ಅವರಿಗೆ ಇದ್ದು ನಿಮಗಿಲ್ಲವೆಂದರೆ ನಿಮ್ಮ ಫೋನ್ ಅಥವಾ ಸಿಮ್. ಈ ಒಂದು ಪ್ರಶ್ನೆ ಉಳಿಸುವಷ್ಟು ಹೊತ್ತನ್ನು ಯಾವ ಸೆಟ್ಟಿಂಗ್ ಕೂಡ ಉಳಿಸುವುದಿಲ್ಲ.

ಪ್ಯಾಕ್ ಮುಗಿದಿದೆಯೇ ಎಂಬ ನಾಚಿಕೆಯ ಪ್ರಶ್ನೆ

ದಿನಕ್ಕೆ 1.5 ಜಿಬಿ ಅಥವಾ 2 ಜಿಬಿ ಕೊಡುವ ಪ್ಯಾಕ್‌ಗಳಲ್ಲಿ ಆ ದಿನದ ಮಿತಿ ದಾಟಿದೊಡನೆ ನೆಟ್ ಪೂರ್ತಿ ನಿಲ್ಲುವುದಿಲ್ಲ. ಹೆಚ್ಚಿನ ಕಂಪನಿಗಳಲ್ಲಿ ವೇಗ 64 ಕೆಬಿಪಿಎಸ್‌ಗೆ, ಬಿಎಸ್‌ಎನ್‌ಎಲ್‌ನ ಹಲವು ಪ್ಯಾಕ್‌ಗಳಲ್ಲಿ 40 ಕೆಬಿಪಿಎಸ್‌ಗೆ ಇಳಿಯುತ್ತದೆ. ಜನರನ್ನು ದಾರಿ ತಪ್ಪಿಸುವುದೇ ಇದು. 64 ಕೆಬಿಪಿಎಸ್ ಎಂದರೆ ಸೆಕೆಂಡಿಗೆ ಸುಮಾರು 8 ಕಿಲೋಬೈಟ್. ವಾಟ್ಸ್ಆ್ಯಪ್‌ನ ಎರಡು ಸಾಲಿನ ಸಂದೇಶ ಆ ವೇಗದಲ್ಲೂ ಕೂಡಲೇ ಹೋಗುತ್ತದೆ, ಆದರೆ 1 ಎಂಬಿಯ ಒಂದು ಫೋಟೊ ಹೋಗಲು ಎರಡು ನಿಮಿಷಕ್ಕೂ ಹೆಚ್ಚು ಬೇಕು, ವಿಡಿಯೊ ಗುಂಡಗೆ ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಮೆಸೇಜ್ ಹೋಗುತ್ತಿದೆ, ಫೋಟೊ ಮಾತ್ರ ಹೋಗುತ್ತಿಲ್ಲ, ಪರದೆಯ ಮೇಲೆ 4ಜಿ ಪೂರ್ತಿ ಇದೆ ಎಂಬ ಮೂರು ಲಕ್ಷಣಗಳು ಒಟ್ಟಿಗೆ ಕಂಡರೆ, ಅದರಲ್ಲೂ ಸಂಜೆಯ ನಂತರ ಕಂಡರೆ, ಮೊದಲು ಕಂಪನಿಯ ಆ್ಯಪ್ ತೆರೆದು ಉಳಿದ ಡೇಟಾ ಎಷ್ಟು ಎಂದು ನೋಡಬೇಕು. ಮಧ್ಯರಾತ್ರಿ 12 ಕಳೆದ ಮೇಲೆ ತಾನಾಗಿಯೇ ಸರಿಯಾದರೆ ಅನುಮಾನವೇ ಬೇಡ.

5ಜಿ ಅನಿಯಮಿತ ಎಂಬ ಪ್ಯಾಕ್ ಹಾಕಿಸಿಕೊಂಡವರು ಒಂದು ವಿಷಯ ಗಮನಿಸಬೇಕು. ಮಿತಿಯಿಲ್ಲದಿರುವುದು ಫೋನ್ 5ಜಿಯಲ್ಲಿ ಇರುವಷ್ಟು ಹೊತ್ತು ಮಾತ್ರ. ಪಿ.ಜೆ. ಬಡಾವಣೆಯಲ್ಲಿ 5ಜಿ ಹಿಡಿದು ದಿನವಿಡೀ ವಿಡಿಯೊ ನೋಡಿದವರು ಶನಿವಾರ ಜಗಳೂರು ಕಡೆಯ ಊರಿಗೆ ಹೋದಾಗ ಫೋನ್ 4ಜಿಗೆ ಇಳಿಯುತ್ತದೆ, ಅದೇ ಚಾಳಿಯಲ್ಲಿ ನೋಡಿದ ವಿಡಿಯೊ ದಿನದ 2 ಜಿಬಿಯನ್ನು ಮಧ್ಯಾಹ್ನದೊಳಗೆ ಮುಗಿಸುತ್ತದೆ. ಆಮೇಲೆ ಹಳ್ಳಿಯ ಟವರ್‌ಗೆ ಬೈಗುಳ.

ಫೋನಿನೊಳಗಿನ ಸಣ್ಣ ಸ್ವಿಚ್‌ಗಳು

ಮೇಲಿನಿಂದ ಕೆಳಗೆ ಎಳೆಯುವ ಪಟ್ಟಿಯಲ್ಲಿ ಮೊಬೈಲ್ ಡೇಟಾ ಆನ್ ಇದೆಯೇ ಎಂದು ನೋಡುವುದು ಎಲ್ಲರಿಗೂ ಗೊತ್ತು. ಎರಡು ಸಿಮ್ ಇರುವ ಫೋನಿನಲ್ಲಿ ಡೇಟಾ ಯಾವ ಸಿಮ್‌ಗೆ ಕೊಟ್ಟಿದೆ ಎಂಬುದನ್ನು ಮಾತ್ರ ಬಹಳ ಜನ ನೋಡುವುದಿಲ್ಲ. ಒಂದಕ್ಕೆ ರೀಚಾರ್ಜ್ ಮಾಡಿಸಿ ಡೇಟಾವನ್ನು ಇನ್ನೊಂದರಲ್ಲೇ ಬಿಟ್ಟವರು ಪ್ರತಿ ಬೀದಿಯಲ್ಲೂ ಇದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಎಂದು ಹುಡುಕಿದರೆ ಈ ಆಯ್ಕೆ ಸಿಗುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇದು ಕನೆಕ್ಷನ್ಸ್ ಒಳಗೆ ಇರುತ್ತದೆ. ಡೇಟಾ ಒಂದು ಸಿಮ್‌ನಲ್ಲಿದ್ದು ಕರೆ ಇನ್ನೊಂದಕ್ಕೆ ಬಂದರೆ ಮಾತು ಮುಗಿಯುವವರೆಗೆ ನೆಟ್ ನಿಲ್ಲುವುದು ಹಲವು ಫೋನ್‌ಗಳ ಸ್ವಭಾವ, ಅದು ಕೆಟ್ಟುಹೋದ ಲಕ್ಷಣವಲ್ಲ. ಕೆಲವು ಫೋನ್‌ಗಳಲ್ಲಿ ಕರೆಯ ನಡುವೆಯೂ ಡೇಟಾ ಉಳಿಸುವ ಆಯ್ಕೆ ಅದೇ ಪುಟದಲ್ಲಿರುತ್ತದೆ.

ಏರೋಪ್ಲೇನ್ ಮೋಡ್ ಆನ್ ಮಾಡಿ ಅರ್ಧ ನಿಮಿಷ ಬಿಟ್ಟು ಆಫ್ ಮಾಡುವುದು ಹಳೆಯ ಉಪಾಯವಾದರೂ ಸುಮ್ಮನೆ ಹೇಳುವ ಮಾತಲ್ಲ. ಬಸ್ಸಿನಲ್ಲಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ಫೋನ್ ಒಂದು ಟವರಿನಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತದೆ, ಆ ದಾಟುವಿಕೆಯಲ್ಲಿ ಎಲ್ಲೋ ಸಿಕ್ಕಿಕೊಂಡಾಗ ಸಿಗ್ನಲ್ ಪಟ್ಟಿಗಳು ಕಂಡರೂ ಡೇಟಾ ಓಡುವುದಿಲ್ಲ. ಏರೋಪ್ಲೇನ್ ಮೋಡ್ ಫೋನನ್ನು ನೆಟ್‌ವರ್ಕ್‌ನಿಂದ ಪೂರ್ತಿ ಬಿಡಿಸಿ ಹೊಸದಾಗಿ ನೋಂದಾಯಿಸುತ್ತದೆ. ಫೋನ್ ಆಫ್ ಮಾಡಿ ಆನ್ ಮಾಡುವುದರಿಂದ ಆಗುವ ಲಾಭದ ಬಹುಪಾಲು ಇದರಲ್ಲೇ ಇದೆ.

ಒಂದೇ ಆ್ಯಪ್‌ಗೆ ಮಾತ್ರ ನೆಟ್ ಇಲ್ಲ, ಅದೂ ವೈಫೈಯಲ್ಲಿ ಓಡುತ್ತದೆ ಎನ್ನುವುದಾದರೆ ಆ ಆ್ಯಪ್‌ನ ಮಾಹಿತಿ ಪುಟಕ್ಕೆ ಹೋಗಿ ಮೊಬೈಲ್ ಡೇಟಾ ಬಳಕೆಗೆ ಅನುಮತಿ ಇದೆಯೇ ನೋಡಿ. ಡೇಟಾ ಸೇವರ್ ಆನ್ ಇದ್ದರೆ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳಿಗೆ ನೆಟ್ ಸಿಗುವುದಿಲ್ಲ, ವಾಟ್ಸ್ಆ್ಯಪ್ ತೆರೆದಾಗಲಷ್ಟೇ ಸಂದೇಶಗಳು ಗುಂಪಾಗಿ ಬಂದು ಬೀಳುತ್ತವೆ. ಡೇಟಾ ಉಳಿಸಲೆಂದು ಮಿತಿ ಹಾಕಿಟ್ಟಿದ್ದರೆ, ಆ ಮಿತಿ ಮುಟ್ಟಿದ ದಿನ ಫೋನೇ ಡೇಟಾ ನಿಲ್ಲಿಸುತ್ತದೆ.

ಇನ್ನೆರಡು ಕಡೆ ಕೈಹಾಕಲು ಜನರಿಗೆ ತೋಚುವುದೇ ಇಲ್ಲ. ಆಂಡ್ರಾಯ್ಡ್ 9ರಿಂದ ಈಚೆಗೆ ಪ್ರೈವೇಟ್ ಡಿಎನ್ಎಸ್ ಎಂಬ ಆಯ್ಕೆ ಬಂದಿದೆ. ಜಾಹೀರಾತು ತಡೆಯಲೆಂದು ಯಾರೋ ಹೇಳಿದ ಹೆಸರನ್ನು ಅಲ್ಲಿ ಹಾಕಿದ್ದು, ಆ ಸರ್ವರ್ ನಿಂತುಹೋದರೆ ಫೋನಿಗೆ ಯಾವ ವೆಬ್‌ಸೈಟ್ ಎಲ್ಲಿದೆ ಎಂಬುದೇ ತಿಳಿಯದೆ ಎಲ್ಲವೂ ನಿಲ್ಲುತ್ತದೆ. ಅದನ್ನು ಆಟೋಮ್ಯಾಟಿಕ್‌ಗೆ ತಿರುಗಿಸಿದರೆ ಸಾಕು. ಹಾಗೆಯೇ ನೆಟ್ಟನ್ನು ಬೇರೆ ಸರ್ವರ್ ಮೂಲಕ ಸುತ್ತಿಸಿ ತರುವ ವಿಪಿಎನ್ ಆ್ಯಪ್ ಹಾಕಿ ಮರೆತಿದ್ದರೆ ಅದನ್ನು ಆಫ್ ಮಾಡಿ. ದಿನಾಂಕ ಮತ್ತು ಸಮಯ ತಪ್ಪಾಗಿದ್ದರೂ ವೆಬ್‌ಸೈಟ್‌ಗಳ ಭದ್ರತಾ ಪ್ರಮಾಣಪತ್ರ ಹೊಂದದೆ ಪುಟಗಳು ತೆರೆಯುವುದಿಲ್ಲ. ಬ್ಯಾಟರಿ ಪೂರ್ತಿ ಸತ್ತು ಎದ್ದ ಹಳೆಯ ಫೋನ್‌ಗಳಲ್ಲಿ ಇದು ಆಗುತ್ತದೆ.

ಆಂಧ್ರದ ಗಡಿಯಲ್ಲಿ ಒಂದು ಅಕ್ಷರ

ಚಿತ್ರದುರ್ಗ ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ, ಮೊಳಕಾಲ್ಮುರಿನಿಂದ ಚಳ್ಳಕೆರೆಯ ಪರಶುರಾಂಪುರದವರೆಗೆ, ಅಲ್ಲಿಂದ ಹಿರಿಯೂರಿನ ಧರ್ಮಪುರದವರೆಗೆ, ಒಂದು ಬಗೆಯ ತೊಂದರೆ ಬೇರೆಡೆಗಿಂತ ಹೆಚ್ಚು. ಕರೆ ಹೋಗುತ್ತದೆ, ಪಟ್ಟಿ ತುಂಬ ಇದೆ, ಪ್ಯಾಕ್ ಇದೆ, ಡೇಟಾ ಆನ್ ಇದೆ, ಆದರೂ ನೆಟ್ ಇಲ್ಲ. ಊರ ಒಳಗೆ ಬಂದರೆ ಇದೆ, ಹೊಲಕ್ಕೆ ಹೋದರೆ ಇಲ್ಲ. ಇಂಥಲ್ಲಿ ಸಿಗ್ನಲ್ ಪಟ್ಟಿಯ ಪಕ್ಕ ಆರ್ ಎಂಬ ಚಿಕ್ಕ ಇಂಗ್ಲಿಷ್ ಅಕ್ಷರ ಕಾಣುತ್ತದೆಯೇ ಎಂದು ಕಣ್ಣು ಹತ್ತಿರ ಹಿಡಿದು ನೋಡಬೇಕು. ಅದು ರೋಮಿಂಗ್‌ನ ಗುರುತು.

ದೂರಸಂಪರ್ಕಕ್ಕಾಗಿ ದೇಶವನ್ನು 22 ಸರ್ಕಲ್‌ಗಳಾಗಿ ಹಂಚಿದ್ದಾರೆ, ಕರ್ನಾಟಕ ಒಂದು, ಆಂಧ್ರಪ್ರದೇಶ ಇನ್ನೊಂದು. ಸಿಗ್ನಲ್‌ಗೆ ರಾಜ್ಯದ ಗಡಿ ಗೊತ್ತಿಲ್ಲದ ಕಾರಣ ರಾಯದುರ್ಗ, ಮಡಕಶಿರಾ ಕಡೆಯ ಟವರ್ ನಮ್ಮ ಟವರಿಗಿಂತ ಬಲವಾಗಿ ತಲುಪಿದರೆ ಫೋನ್ ಅದನ್ನೇ ಹಿಡಿಯುತ್ತದೆ. ಕಂಪನಿ ಅದೇ ಆಗಿದ್ದರೂ ನೆಟ್‌ವರ್ಕ್‌ನ ಸಂಕೇತ ಸಂಖ್ಯೆ ಬೇರೆ ಸರ್ಕಲ್ಲಿನದಾದ್ದರಿಂದ ಹಲವು ಫೋನ್‌ಗಳು ತಾವು ಪರಸ್ಥಳದಲ್ಲಿದ್ದೇವೆ ಎಂದು ತಿಳಿದು, ಡೇಟಾ ರೋಮಿಂಗ್ ಆಫ್ ಇದ್ದರೆ ನೆಟ್ಟನ್ನು ನಿಲ್ಲಿಸುತ್ತವೆ. ಮನೆಯಲ್ಲೇ ಕುಳಿತು ರೇಷ್ಮೆ ಸೀರೆಯ ಫೋಟೊವನ್ನು ಬೆಂಗಳೂರಿನ ಅಂಗಡಿಗೆ ಕಳಿಸಬೇಕಾದ ಮೊಳಕಾಲ್ಮುರಿನ ನೇಕಾರರಿಗೆ, ತಾವು ಆಂಧ್ರಕ್ಕೆ ಕಾಲಿಡದಿದ್ದರೂ, ಈ ಸ್ಥಿತಿ ಬರಬಹುದು.

ಪರಿಹಾರ ಸುಲಭ: ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಪುಟಕ್ಕೆ ಹೋಗಿ, ಡೇಟಾ ಇರುವ ಸಿಮ್ ಆರಿಸಿ, ಡೇಟಾ ರೋಮಿಂಗ್ ಆನ್ ಮಾಡಿ. ದುಡ್ಡು ಕಟ್ ಆಗುತ್ತದೆ ಎಂಬ ಹೆದರಿಕೆಯಿಂದ ಇದನ್ನು ಮುಟ್ಟದವರು ಬಹಳ. ಆ ಹೆದರಿಕೆ ಹಿಂದೆ ಸರಿಯಾಗಿತ್ತು, ಈಗ ದೇಶದೊಳಗಿನ ರೋಮಿಂಗ್ ಸಾಮಾನ್ಯ ಪ್ಯಾಕ್‌ಗಳಲ್ಲೇ ಸೇರಿರುತ್ತದೆ. ವಿದೇಶಕ್ಕೆ ಹೋಗುವವರು ಮಾತ್ರ ವಿಮಾನ ಹತ್ತುವ ಮುನ್ನ ಆಫ್ ಮಾಡಬೇಕು, ಅಲ್ಲಿನ ದರ ಬೇರೆಯೇ ಲೆಕ್ಕ.

ಇದೇ ತೊಂದರೆಗೆ ನೆಟ್‌ವರ್ಕ್ ಆಪರೇಟರ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ತೆಗೆದು ಕೈಯಿಂದ ಆರಿಸುವುದನ್ನು ಕೆಲವರು ಹೇಳಿಕೊಡುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಹಾಗೆ ಕಟ್ಟಿಹಾಕಿದ ಫೋನ್ ಸರ್ಕಲ್ ದಾಟಿದೊಡನೆ ಬೇರೆ ಟವರ್ ಹುಡುಕದೆ ನೆಟ್‌ವರ್ಕ್ ಇಲ್ಲವೆಂದು ಕುಳಿತುಬಿಡುತ್ತದೆ, ಆಗ ಡೇಟಾ ಮಾತ್ರವಲ್ಲ, ಕರೆಯೂ ಹೋಗುವುದಿಲ್ಲ. ಮಾಡಲೇಬೇಕಾಗಿ ಬಂದರೆ ಕೆಲಸವಾದ ಮೇಲೆ ಮರೆಯದೆ ಆಟೋಮ್ಯಾಟಿಕ್‌ಗೆ ತನ್ನಿ.

ಎಪಿಎನ್: ಟೈಪ್ ಮಾಡುವುದಕ್ಕಿಂತ ಉಳಿಸುವುದು ಕಷ್ಟ

ಹೊಸ ಸಿಮ್ ಹಾಕಿದ ಮೇಲೆ, ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಆದ ಮೇಲೆ, ಅಥವಾ ಹೊರಗಿನಿಂದ ತಂದ ಹಳೆಯ ಫೋನ್ ಬಳಸಲು ತೊಡಗಿದಾಗ ಕರೆ ಇದ್ದು ನೆಟ್ ಇಲ್ಲವೆಂದರೆ ಎಪಿಎನ್ ನೋಡಬೇಕು. ಆ್ಯಕ್ಸೆಸ್ ಪಾಯಿಂಟ್ ನೇಮ್ ಎಂಬುದರ ಸಂಕ್ಷೇಪವದು. ಕಂಪನಿಯ ನೆಟ್‌ವರ್ಕ್‌ನಿಂದ ಇಂಟರ್ನೆಟ್‌ಗೆ ಹೋಗುವ ಬಾಗಿಲು ಯಾವುದೆಂದು ಫೋನಿಗೆ ತಿಳಿಸುವ ಹೆಸರು. ಸಾಮಾನ್ಯವಾಗಿ ಸಿಮ್ ಹಾಕಿದೊಡನೆ ತಾನಾಗಿಯೇ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ, ಇಲ್ಲವೇ ಹಳೆಯ ಕಂಪನಿಯದೇ ಉಳಿದಿರುತ್ತದೆ.

ಮೊಬೈಲ್ ನೆಟ್‌ವರ್ಕ್ ಪುಟದಲ್ಲಿ ಆ್ಯಕ್ಸೆಸ್ ಪಾಯಿಂಟ್ ನೇಮ್ಸ್ ತೆರೆದು, ಮೊದಲು ಮೇಲಿನ ಮೂರು ಚುಕ್ಕಿ ಒತ್ತಿ ರೀಸೆಟ್ ಟು ಡಿಫಾಲ್ಟ್ ಕೊಡಿ. ಇದರಿಂದ ವೈಫೈ ಪಾಸ್‌ವರ್ಡ್ ಏನೂ ಹೋಗುವುದಿಲ್ಲ, ಎಪಿಎನ್ ಪಟ್ಟಿ ಮಾತ್ರ ಮೊದಲಿನಂತಾಗುತ್ತದೆ. ಅಷ್ಟಕ್ಕೂ ಆಗದಿದ್ದರೆ ಹೊಸದನ್ನು ಸೇರಿಸಬೇಕು. ಹೆಸರಿನ ಜಾಗದಲ್ಲಿ ಏನು ಬೇಕಾದರೂ ಬರೆಯಬಹುದು, ಎಪಿಎನ್ ಎಂಬ ಜಾಗದಲ್ಲಿ ಮಾತ್ರ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಜಿಯೋ ಆದರೆ ಜಿಯೋನೆಟ್, ಬಿಎಸ್‌ಎನ್‌ಎಲ್ ಆದರೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್ ಆದರೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್, ವಿಐ ಆದರೆ ಮೂರು ಡಬ್ಲ್ಯು ಎಂದು ಹಾಕಬೇಕು. ಡಾಟ್ ಇರುವಲ್ಲಿ ಚುಕ್ಕಿಯನ್ನೇ ಇಡಬೇಕು. ಯೂಸರ್‌ನೇಮ್, ಪಾಸ್‌ವರ್ಡ್, ಪ್ರಾಕ್ಸಿ, ಪೋರ್ಟ್ ಎಲ್ಲವನ್ನೂ ಖಾಲಿ ಬಿಡಿ. ಎಪಿಎನ್ ಪ್ರೋಟೊಕಾಲ್ ಎಂಬಲ್ಲಿ ಐಪಿವಿ4 ಮತ್ತು ಐಪಿವಿ6 ಎರಡೂ ಇರುವ ಆಯ್ಕೆಯನ್ನು ಇಡಿ.

ಇಷ್ಟು ಸರಿಯಾಗಿ ಬರೆದವರೂ ಎಡವುವುದು ಕೊನೆಯಲ್ಲಿ. ಟೈಪ್ ಮಾಡಿ ಹಿಂದಕ್ಕೆ ಒತ್ತಿದರೆ ಹಲವು ಫೋನ್‌ಗಳಲ್ಲಿ ಬರೆದದ್ದು ಉಳಿಯುವುದಿಲ್ಲ. ಮತ್ತೆ ಮೂರು ಚುಕ್ಕಿ ಒತ್ತಿ ಸೇವ್ ಕೊಡಬೇಕು. ಸೇವ್ ಆದ ಮೇಲೂ ಪಟ್ಟಿಯಲ್ಲಿ ಹೊಸ ಎಪಿಎನ್ ಎದುರಿನ ಗುಂಡು ಬಟನ್ ಒತ್ತಿ ಅದನ್ನು ಆರಿಸದಿದ್ದರೆ ಫೋನ್ ಹಳೆಯದನ್ನೇ ಬಳಸುತ್ತಿರುತ್ತದೆ. ಆರಿಸಿದ ಮೇಲೆ ಒಮ್ಮೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಐಫೋನ್‌ನಲ್ಲಿ ನಮ್ಮ ಕಂಪನಿಗಳ ಎಪಿಎನ್ ಹೆಚ್ಚಾಗಿ ತಾನಾಗಿಯೇ ಬರುವುದರಿಂದ ಈ ಕೆಲಸ ಅಪರೂಪ.

4ಜಿ, 5ಜಿ ಮತ್ತು ಇಂಗ್ಲಿಷಿನ ಇ

ಜಿಯೋಗೆ 2ಜಿ, 3ಜಿ ನೆಟ್‌ವರ್ಕ್ ಇಲ್ಲವೇ ಇಲ್ಲ. ಬ್ಯಾಟರಿ ಉಳಿಯುತ್ತದೆ ಎಂದು ಯಾರಾದರೂ ನೆಟ್‌ವರ್ಕ್ ಟೈಪ್ ಅನ್ನು 2ಜಿ ಅಥವಾ 3ಜಿಗೆ ಇಟ್ಟಿದ್ದರೆ ಜಿಯೋ ಸಿಮ್ ಸತ್ತಂತೆ. ಪ್ರಿಫರ್ಡ್ ನೆಟ್‌ವರ್ಕ್ ಟೈಪ್ ಎಂಬಲ್ಲಿ 4ಜಿ ಅಥವಾ ಎಲ್‌ಟಿಇ ಸೇರಿರುವ ಆಯ್ಕೆಯೇ ಇರಬೇಕು. ಪಟ್ಟಿಯ ಪಕ್ಕ ಇ ಎಂಬ ಇಂಗ್ಲಿಷ್ ಅಕ್ಷರ ಬಂದರೆ ಫೋನ್ 2ಜಿಯ ಎಡ್ಜ್‌ಗೆ ಇಳಿದಿದೆ ಎಂದರ್ಥ. ಕರೆ ಬಂದಾಗೆಲ್ಲ 4ಜಿ ಹೋಗಿ ಇ ಬರುತ್ತಿದ್ದರೆ ವೋಲ್ಟಿ, ಅಂದರೆ 4ಜಿಯಲ್ಲೇ ಮಾತಾಡುವ ಸೌಲಭ್ಯ, ಆಫ್ ಇದೆ. ಮಾತಿಗಾಗಿ ಫೋನ್ ಹಳೆಯ ನೆಟ್‌ವರ್ಕ್‌ಗೆ ಇಳಿದು, ಮಾತು ಮುಗಿದ ಮೇಲೂ ಕೆಲವೊಮ್ಮೆ ಅಲ್ಲೇ ಉಳಿಯುತ್ತದೆ. ಸಿಮ್‌ನ ಸೆಟ್ಟಿಂಗ್ಸ್‌ನಲ್ಲಿ ವೋಲ್ಟಿ ಅಥವಾ 4ಜಿ ಕಾಲಿಂಗ್ ಆನ್ ಮಾಡಿ.

5ಜಿ ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಅದರ ವೇಗದ ಬಹುಪಾಲು 3.5 ಗಿಗಾಹರ್ಟ್ಸ್ ಸುತ್ತಲಿನ ತರಂಗದಿಂದ ಬರುತ್ತದೆ. ಆ ತರಂಗ ದೂರ ಹೋಗದು, ಗೋಡೆ ದಾಟುವುದರಲ್ಲೂ ದುರ್ಬಲ. ಊರಂಚಿನ ಹೊಸ ಲೇಔಟ್‌ಗಳಲ್ಲಿ ಫೋನ್ ನಿಮಿಷಕ್ಕೊಮ್ಮೆ 5ಜಿಗೂ 4ಜಿಗೂ ಜಿಗಿಯುತ್ತಾ ನೆಟ್ಟನ್ನೂ ಕೊಡದೆ ಬ್ಯಾಟರಿಯನ್ನೂ ತಿನ್ನುತ್ತಿದ್ದರೆ, ಮನೆಯಲ್ಲಿರುವಾಗ 4ಜಿಗೇ ನಿಲ್ಲಿಸಿಬಿಡುವುದು ಜಾಣತನ. ಬಿಎಸ್‌ಎನ್‌ಎಲ್ 4ಜಿ ಹಿಡಿಯದವರು ಒಂದನ್ನು ಪರೀಕ್ಷಿಸಬೇಕು: ಅದರ 4ಜಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿದೆ, ಹಳೆಯ ಕೆಲವು ಫೋನ್‌ಗಳಿಗೆ 700ರ ಬ್ಯಾಂಡ್ 28 ಹಿಡಿಯುವ ಶಕ್ತಿಯೇ ಇರುವುದಿಲ್ಲ. ಹಳೆಯ 3ಜಿ ಸಿಮ್ ಇಟ್ಟುಕೊಂಡವರು ಅದನ್ನು 4ಜಿ ಸಿಮ್‌ಗೆ ಬದಲಿಸಿಕೊಳ್ಳದೆ ಸೆಟ್ಟಿಂಗ್ಸ್ ತಿರುವಿ ಪ್ರಯೋಜನವಿಲ್ಲ.

ಸಿಮ್

ಫೋನ್ ಆಫ್ ಮಾಡಿ ಟ್ರೇ ಹೊರಗೆಳೆಯಿರಿ. ಸಿಮ್‌ನ ಚಿನ್ನದ ಬಣ್ಣದ ಭಾಗದ ಮೇಲೆ ಧೂಳು ಅಥವಾ ಬೆವರಿನ ಕಲೆ ಇದ್ದರೆ ಒಣಗಿದ ಮೃದು ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿ, ಬ್ಲೇಡಿನಿಂದ ಕೆರೆಯಬೇಡಿ. ದೊಡ್ಡ ಸಿಮ್ಮನ್ನು ಕತ್ತರಿಸಿ ಸಣ್ಣದು ಮಾಡಿಕೊಂಡವರು ಈಗಲೂ ಇದ್ದಾರೆ, ಅಂಥದ್ದನ್ನು ಬದಲಿಸಿಕೊಳ್ಳುವುದೇ ಒಳ್ಳೆಯದು. ನಿರ್ಣಾಯಕ ಪರೀಕ್ಷೆ ಎಂದರೆ ಅದೇ ಸಿಮ್ಮನ್ನು ಬೇರೆ ಫೋನಿಗೆ ಹಾಕುವುದು: ಅಲ್ಲಿ ನೆಟ್ ಬಂದರೆ ನಿಮ್ಮ ಫೋನ್ ದೋಷಿ, ಅಲ್ಲೂ ಬಾರದಿದ್ದರೆ ಸಿಮ್ ಅಥವಾ ಖಾತೆ. ಸಿಮ್ ಬದಲಿಸಿದ ಮೊದಲ 24 ಗಂಟೆ ಎಸ್‌ಎಂಎಸ್ ತಡೆಹಿಡಿದಿರುತ್ತಾರೆ, ಒಟಿಪಿ ಬರುವುದಿಲ್ಲ. ಬ್ಯಾಂಕ್ ಕೆಲಸವಿದ್ದ ದಿನ ಸಿಮ್ ಬದಲಿಸಬೇಡಿ.

ಬಂಡೆ, ತಗಡಿನ ಶೀಟು, ಜಾತ್ರೆ

ಪಟ್ಟಿಗಳನ್ನು ನಂಬುವುದಕ್ಕಿಂತ ಸಂಖ್ಯೆಯನ್ನು ನಂಬಬೇಕು, ಏಕೆಂದರೆ ಎಷ್ಟು ಬಲಕ್ಕೆ ಎಷ್ಟು ಪಟ್ಟಿ ತೋರಿಸಬೇಕೆಂಬುದನ್ನು ಫೋನ್ ತಯಾರಿಸುವವರೇ ನಿರ್ಧರಿಸುತ್ತಾರೆ. ಆಂಡ್ರಾಯ್ಡ್‌ನಲ್ಲಿ ಅಬೌಟ್ ಫೋನ್ ಒಳಗಿನ ಸಿಮ್ ಸ್ಟೇಟಸ್‌ನಲ್ಲಿ ಸಿಗ್ನಲ್ ಬಲ ಡಿಬಿಎಂ ಎಂಬ ಅಳತೆಯ ಲೆಕ್ಕದಲ್ಲಿ ಕಾಣುತ್ತದೆ, ಮೈನಸ್ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಗುಂಡಿ ಒತ್ತಿದರೆ ಪರೀಕ್ಷಾ ಪುಟ ತೆರೆಯುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಚೆನ್ನಾಗಿದೆ, ಮೈನಸ್ 105 ದಾಟಿದರೆ ಎಳೆದಾಟ, ಮೈನಸ್ 115ರ ಆಚೆ ಆಸೆ ಬಿಡಬಹುದು. ಮೂರು ಡಿಬಿ ಕಡಿಮೆಯಾದರೆ ಬಲ ಅರ್ಧಕ್ಕೆ ಇಳಿದಂತೆ, ಆದ್ದರಿಂದ ಅಡುಗೆಮನೆಯಲ್ಲಿ ಮೈನಸ್ 112, ಮಾಳಿಗೆಯ ಮೇಲೆ ಮೈನಸ್ 97 ಎಂದು ಬಂದರೆ ಅದು ಬಲದಲ್ಲಿ ಮೂವತ್ತರಷ್ಟಕ್ಕೂ ಮೀರಿದ ವ್ಯತ್ಯಾಸ. ಮನೆಯ ನಾಲ್ಕು ಮೂಲೆಯಲ್ಲಿ ಈ ಸಂಖ್ಯೆ ಬರೆದುಕೊಂಡರೆ ಎಲ್ಲಿ ಕುಳಿತು ಹಾಟ್‌ಸ್ಪಾಟ್ ಕೊಡಬೇಕು ಎಂಬುದು ಗೊತ್ತಾಗುತ್ತದೆ.

ಚಿತ್ರದುರ್ಗದಲ್ಲಿ ಕೋಟೆಯ ಬಂಡೆಗಳ ನಡುವೆ, ಚಂದ್ರವಳ್ಳಿಯ ತಗ್ಗಿನಲ್ಲಿ, ಜೋಗಿಮಟ್ಟಿಯ ಇಳಿಜಾರಿನ ಮರೆಯಲ್ಲಿ ನಿಂತಾಗ ಸಿಗ್ನಲ್ ಸಾಯುವುದು ಫೋನಿನ ದೋಷವಲ್ಲ, ಟವರಿಗೂ ನಮಗೂ ನಡುವೆ ಕಲ್ಲುಗುಡ್ಡ ನಿಂತಿದೆ. ನಾಲ್ಕು ಹೆಜ್ಜೆ ಮೇಲೇರಿ ಬಯಲಿಗೆ ಬಂದರೆ ಸರಿಯಾಗುತ್ತದೆ. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯ ಗೋದಾಮುಗಳಲ್ಲಿ ಬಂಡೆಯ ಕೆಲಸವನ್ನು ತಗಡಿನ ಶೀಟು ಮಾಡುತ್ತದೆ. ಲೋಹ ತರಂಗವನ್ನು ಒಳಗೆ ಬಿಡದೆ ಹಿಂದಕ್ಕೆ ತಳ್ಳುತ್ತದೆ. ಚನ್ನಗಿರಿಯ ಅಡಿಕೆ ತೋಟಗಳ ನಡುವೆಯೂ, ಮಳೆಗಾಲದಲ್ಲಿ ಎಲೆ ತುಂಬಿ ಒದ್ದೆಯಾದಾಗ, ಬಲ ಸ್ವಲ್ಪ ಕುಗ್ಗುತ್ತದೆ. ಇದಕ್ಕೆ ಅಂಗಡಿಯಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ತಂದು ಹಾಕಬೇಡಿ: ಅನುಮತಿಯಿಲ್ಲದ ಬೂಸ್ಟರ್ ಕಾನೂನುಬಾಹಿರ, ಸುತ್ತಲಿನವರ ಸಿಗ್ನಲ್ಲನ್ನೂ ಕೆಡಿಸುತ್ತದೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳುವುದು ನೇರ ದಾರಿ.

ಪಟ್ಟಿ ತುಂಬಿದ್ದರೂ ನೆಟ್ ಓಡದಿರುವುದು ಜನಸಂದಣಿಯ ಲಕ್ಷಣ. ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಎಳೆಯುವ ದಿನ, ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆಯ ಸಂಜೆ, ಬೀದಿಯ ಒಂದೇ ಪೈಪಿಗೆ ಎಲ್ಲ ಮನೆಯವರೂ ಒಟ್ಟಿಗೆ ನಲ್ಲಿ ತಿರುಗಿಸಿದಂತೆ, ಒಂದೇ ಟವರಿಗೆ ಸಾವಿರಾರು ಫೋನ್‌ಗಳು ಬಿದ್ದಿರುತ್ತವೆ. ಆಗ ಯಾವ ಸೆಟ್ಟಿಂಗ್ ಕೂಡ ನೆರವಾಗದು. ವಿಡಿಯೊವನ್ನು ಮನೆಗೆ ಬಂದ ಮೇಲೆ ಕಳಿಸಿ, ಎಲ್ಲಿದ್ದೀರಿ ಎಂಬುದನ್ನು ಎಸ್‌ಎಂಎಸ್‌ನಲ್ಲಿ ತಿಳಿಸಿ. ಹಳ್ಳಿಗಳಲ್ಲಿ ಕರೆಂಟ್ ದೀರ್ಘಕಾಲ ಹೋದರೆ ಟವರಿನ ಬ್ಯಾಟರಿಯೂ ಬರಿದಾಗಿ ಊರಿಗೆ ಊರೇ ಸಿಗ್ನಲ್ ಕಳೆದುಕೊಳ್ಳುತ್ತದೆ, ಅದಕ್ಕೆ ಕರೆಂಟ್ ಬರುವವರೆಗೆ ಕಾಯದೆ ಬೇರೆ ದಾರಿಯಿಲ್ಲ.

ರೀಸೆಟ್ ಯಾವಾಗ

ಸಿಮ್ ಬೇರೆ ಫೋನಿನಲ್ಲಿ ಓಡುತ್ತದೆ, ಪಕ್ಕದವರಿಗೆ ನೆಟ್ ಇದೆ, ಎಪಿಎನ್ ಸರಿಯಿದೆ, ಆದರೂ ಬಾರದು ಎಂದಾಗ ಮಾತ್ರ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿ. ಇದು ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನೂ ಬ್ಲೂಟೂತ್ ಜೋಡಣೆಗಳನ್ನೂ ಅಳಿಸುತ್ತದೆ. ಫೋಟೊ, ಕಾಂಟ್ಯಾಕ್ಟ್, ಆ್ಯಪ್‌ಗಳನ್ನು ಮುಟ್ಟುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ರೀಸೆಟ್ ಎಂದು ಹಾಕಿದರೆ ಸಿಗುತ್ತದೆ, ಐಫೋನ್‌ನಲ್ಲಿ ಜನರಲ್ ಒಳಗೆ ಟ್ರಾನ್ಸ್‌ಫರ್ ಆರ್ ರೀಸೆಟ್‌ನಲ್ಲಿದೆ. ಫ್ಯಾಕ್ಟರಿ ರೀಸೆಟ್ ಎಂಬುದು ಬೇರೆ, ಅದು ಫೋನನ್ನೇ ಖಾಲಿ ಮಾಡುತ್ತದೆ. ಡೇಟಾ ತೊಂದರೆಗೆ ಫ್ಯಾಕ್ಟರಿ ರೀಸೆಟ್ ಬೇಕಾಗುವುದು ಅತಿ ವಿರಳ. ಅಂಗಡಿಯಲ್ಲಿ ಯಾವ ರೀಸೆಟ್ ಎಂದು ಕೇಳದೆ ಫೋನ್ ಕೈಗೆ ಕೊಡಬೇಡಿ.

ದೂರು ಮತ್ತು ಪೋರ್ಟ್

ಟವರಿನ ಕಡೆಯ ತೊಂದರೆ ಎಂದು ಖಚಿತವಾದರೆ ಅದೇ ಸಿಮ್‌ನಿಂದ 198ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ನೆಟ್ ಇಲ್ಲ ಎಂದಷ್ಟೇ ಹೇಳಿದರೆ ಅವರೂ ಫೋನ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಯಾವ ಬಡಾವಣೆ, ಪಿನ್‌ಕೋಡ್ ಏನು, ಯಾವ ಹೊತ್ತಿನಿಂದ, ಮನೆಯೊಳಗೋ ಹೊರಗೋ, ಡಿಬಿಎಂ ಎಷ್ಟು, ಅದೇ ಕಂಪನಿಯ ಪಕ್ಕದವರಿಗೂ ಹೀಗೆಯೇ, ಬೇರೆ ಫೋನಿನಲ್ಲಿ ನೋಡಿದ್ದೇನೆ ಎಂದು ಹೇಳಿದರೆ ಮಾತು ನೇರ ತಾಂತ್ರಿಕ ವಿಭಾಗಕ್ಕೆ ಹೋಗುವ ಸಾಧ್ಯತೆ ಹೆಚ್ಚು. ಪರಿಹಾರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅವರು 39 ದಿನದೊಳಗೆ ತೀರ್ಮಾನಿಸಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ತಂದ ಗುಣಮಟ್ಟದ ನಿಯಮಗಳ ಪ್ರಕಾರ ಜಿಲ್ಲೆಯಲ್ಲಿ ದೊಡ್ಡ ವ್ಯತ್ಯಯ 24 ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್ಲಿನಲ್ಲಿ ಕಡಿತ, ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ ಸಿಗಬೇಕು.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಕರೆ ಮಾಡಬೇಡಿ, ಅಲ್ಲಿ ವಂಚಕರ ನಂಬರ್‌ಗಳೂ ಇರುತ್ತವೆ. ನಿಮ್ಮ ಸಿಮ್ ಬ್ಲಾಕ್ ಆಗುತ್ತದೆ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಎಂದವರು ಯಾರೇ ಆಗಲಿ ಕರೆ ಕಟ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಕಂಪನಿ ಬದಲಿಸುವುದಾದರೆ ಪೋರ್ಟ್ ಎಂಬ ಇಂಗ್ಲಿಷ್ ಪದ, ಒಂದು ಜಾಗ, ನಂತರ ನಿಮ್ಮ ನಂಬರ್ ಬರೆದು 1900ಕ್ಕೆ ಎಸ್‌ಎಂಎಸ್ ಕಳಿಸಿ. ಬರುವ ಎಂಟು ಅಕ್ಷರದ ಕೋಡ್ ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಹೋಗುವ ಮುನ್ನ ಆ ಕಂಪನಿಯ ವೆಬ್‌ಸೈಟಿನಲ್ಲಿ ಇರುವ ವ್ಯಾಪ್ತಿ ನಕ್ಷೆಯನ್ನು ನೋಡಿ. ಆದರೆ ನಕ್ಷೆಯನ್ನಷ್ಟೇ ನಂಬದೆ, ಆ ಸಿಮ್ ಇರುವ ಸ್ನೇಹಿತರನ್ನು ಒಂದು ದಿನ ರಾತ್ರಿ ಎಂಟು ಗಂಟೆಗೆ, ಅಂದರೆ ಬೀದಿಯವರೆಲ್ಲ ಫೋನ್ ಹಿಡಿದಿರುವ ಹೊತ್ತಿಗೆ, ಊಟಕ್ಕೆ ಕರೆಯಿರಿ. ನೀವು ದಿನಾ ಕೂರುವ ಜಾಗದಲ್ಲೇ ಅವರ ಹಾಟ್‌ಸ್ಪಾಟ್ ಹಾಕಿಸಿಕೊಂಡು ಒಂದು ವಿಡಿಯೊ ಓಡಿಸಿ ನೋಡಿದ ಮೇಲೆ 1900ಕ್ಕೆ ಎಸ್‌ಎಂಎಸ್ ಕಳಿಸಿ.